ಮಗಳಿಗೆ ಫೆರೆಟ್ ಬೇಕಂತೆ, ನಮ್ಮಂಥ ಮನೆಗೆ ಅದು ಹೊಂದುತ್ತಾ?

ಶರಾವತಿ ತೀರ (ಶಾರ್ಲೆಟ್, ನಾರ್ತ್ ಕ್ಯಾರೊಲಿನಾ)

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು, ಈಗ ಶಾರ್ಲೆಟ್‌ನಲ್ಲಿದ್ದೇವೆ. ಮಗಳಿಗೆ ಹತ್ತು ವರ್ಷ. ಅವಳ ಗೆಳತಿಯ ಮನೆಯಲ್ಲಿ ಎರಡು ಫೆರೆಟ್ (ನೋಡೋಕೆ ಮುಂಗುಸಿಯ ಹಾಗಿರುವ ಪುಟ್ಟ ಸಾಕುಪ್ರಾಣಿ) ಇವೆ. ಅಲ್ಲಿಗೆ ಹೋಗಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು, ಇರೋದು ಅಪಾರ್ಟ್‌ಮೆಂಟು, ಹಾಗಾಗಿ ನಾಯಿ ಬೇಡ ಅಂತ ಹಿಂದೆಯೇ ಹೇಳಿದ್ದೆವು. ಈಗ ಅವಳ ವಾದ ಏನಂದರೆ, "ಫೆರೆಟ್ ಚಿಕ್ಕದು, ಪಂಜರದಲ್ಲಿ ಇರುತ್ತೆ, ಜಾಸ್ತಿ ಹೊತ್ತು ಮಲಗೇ ಇರುತ್ತೆ, ವಾಕಿಂಗ್ ಕರ್ಕೊಂಡು ಹೋಗೋದೂ ಬೇಡ." ಕೇಳೋದಕ್ಕೆ ಸರಿಯಾಗಿಯೇ ಇದೆ.

ನನ್ನ ಗೊಂದಲ ಬೇರೆ. ನಾವು ಸಸ್ಯಾಹಾರಿಗಳು, ಮನೆಗೆ ಮೊಟ್ಟೆ ಕೂಡ ತರೋದಿಲ್ಲ. ಅತ್ತೆಯವರು ಏಪ್ರಿಲ್‌ನಲ್ಲಿ ಬಂದರೆ ಐದಾರು ತಿಂಗಳು ಇರುತ್ತಾರೆ, ಅವರಿಗೆ ಮಡಿ ಸ್ವಲ್ಪ ಹೆಚ್ಚು. ಎರಡು ವರ್ಷಕ್ಕೊಮ್ಮೆ ನಾವು ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರುತ್ತೇವೆ. ಇದರ ಜೊತೆಗೆ ಯಜಮಾನರ ಕಂಪನಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಆಫೀಸಿಗೆ ಹೋಗುವ ಮಾತು ನಡೀತಾ ಇದೆ, ಇನ್ನೂ ಗಟ್ಟಿಯಾಗಿಲ್ಲ. ವಾಸನೆ ಬರುತ್ತೆ, ಕಚ್ಚುತ್ತೆ ಅಂತಲೂ ಕೆಲವರು ಹೇಳಿದರು.

ಪೆಟ್ ಅಂಗಡಿಯಲ್ಲಿ ಏನು ಕೇಳಿದರೂ "ಏನೂ ತೊಂದರೆ ಇಲ್ಲ" ಅನ್ನೋದೇ ಉತ್ತರ. ಸಾಕಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಮಗಳಿಗೆ ಬೇಡ ಅನ್ನೋದಾದರೂ ಅವಳಿಗೆ ಒಪ್ಪುವಂಥ ಕಾರಣ ಕೊಡಬೇಕು.

ಹಾಸನ ಹುಡುಗ (ಆಸ್ಟಿನ್)

ಮಾಂಸವೇ ಸಮಸ್ಯೆ ಆದರೆ ಮೊಲ ಸಾಕಿ. ಹುಲ್ಲು, ಸೊಪ್ಪು ತಿಂದುಕೊಂಡು ಇರುತ್ತೆ. ನಮ್ಮ ಮನೆಯಲ್ಲಿ ಇದೆ, ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುವ ಸದ್ದಿಗೆ ಓಡಿ ಬರುತ್ತೆ. ಫೆರೆಟ್ ಬಗ್ಗೆ ನನಗೆ ಗೊತ್ತಿಲ್ಲ.

ಪದ್ಮ, ಪಿಟ್ಸ್‌ಬರ್ಗ್

ನಮ್ಮ ಮನೆಯಲ್ಲಿ ಎರಡು ಫೆರೆಟ್ ಬೆಳೆದವು, ಒಂದು ಇನ್ನೂ ಇದೆ. ಗಂಡಿನ ಹೆಸರು ರಾಗಿ, ಮೈಬಣ್ಣ ನೋಡಿ ಇಟ್ಟದ್ದು. ಹೆಣ್ಣು ಮಜ್ಜಿಗೆ, ಪೂರ್ತಿ ಬಿಳಿ, ಕಣ್ಣು ಕೆಂಪು. ರಾಗಿ ಈಗ ಇಲ್ಲ. ನಮ್ಮದೂ ಸಸ್ಯಾಹಾರಿ ಮನೆಯೇ, ಹಾಗಾಗಿ ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಉದ್ದ ಆಗುತ್ತೆ, ಕೂತು ಓದಿ.

ಮಗಳ ವಾದದಿಂದಲೇ ಶುರು ಮಾಡ್ತೀನಿ. ಹೆಚ್ಚು ಹೊತ್ತು ಮಲಗುತ್ತೆ ಅನ್ನೋದು ನಿಜ. ದಿನಕ್ಕೆ 14ರಿಂದ 18 ಗಂಟೆ ನಿದ್ದೆ. ಎಂಥ ನಿದ್ದೆ ಅಂದರೆ ಎತ್ತಿಕೊಂಡರೂ ಒದ್ದೆ ಟವೆಲ್ ಹಾಗೆ ಕೈಯಿಂದ ಜೋತುಬೀಳುತ್ತೆ, ಕಣ್ಣು ಬಿಡೋದಿಲ್ಲ. ಹೊಸದಾಗಿ ಸಾಕಿದವರು ಪ್ರಾಣವೇ ಹೋಯ್ತು ಅಂತ ಹೆದರಿ ವೆಟ್‌ಗೆ (ಪಶುವೈದ್ಯರಿಗೆ) ಫೋನ್ ಮಾಡೋದುಂಟು. ಆದರೆ ಪಂಜರದಲ್ಲಿ ಇರುತ್ತೆ ಅನ್ನೋ ಮಾತನ್ನ ನಂಬಬೇಡಿ. ಪಂಜರ ಅದಕ್ಕೆ ಮಲಗೋ ಜಾಗ ಅಷ್ಟೇ. ಎಚ್ಚರ ಇರೋ ಹೊತ್ತಲ್ಲಿ, ಅಂದರೆ ಬೆಳಗಿನ ಜಾವ ಮತ್ತು ಸಂಜೆ, ಒಟ್ಟು ನಾಲ್ಕು ಗಂಟೆಯಾದರೂ ಹೊರಗೆ ಬಿಡಬೇಕು, ಆ ಹೊತ್ತು ಮನೆಯವರು ಯಾರಾದರೂ ಜೊತೆಗಿರಬೇಕು. ಬಿಡದೇ ಇದ್ದರೆ ಪಂಜರದ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತೆ, ಮಂಕಾಗುತ್ತೆ. ಕೆಲಸ ಮುಗಿಸಿ ಬಂದು ಅಡುಗೆ, ಮಗಳ ಹೋಮ್‌ವರ್ಕ್ ಎಲ್ಲ ಆದಮೇಲೂ ಪ್ರತಿದಿನ ಅಷ್ಟು ಹೊತ್ತು ಉಳಿಯುತ್ತಾ ಅಂತ ನೀವಿಬ್ಬರೂ ಕೂತು ಲೆಕ್ಕ ಹಾಕಿ. ವಾರದ ಕೊನೆಗೆ ಸೇರಿಸಿ ಕೊಡುವಂಥದ್ದಲ್ಲ ಅದು.

ಹೊರಗೆ ಬಿಟ್ಟಾಗ ಸಿಗುವ ಸಂತೋಷ ಮಾತ್ರ ಬೇರೆ ಯಾವ ಪ್ರಾಣಿಯಲ್ಲೂ ನಾನು ಕಂಡಿಲ್ಲ. ಖುಷಿ ಹೆಚ್ಚಾದರೆ ಬೆನ್ನು ಬಿಲ್ಲಾಗಿ ಬಾಗುತ್ತೆ, ಬಾಲದ ಕೂದಲು ನಿಮಿರುತ್ತೆ, ಬಾಯಿ ತೆರೆದುಕೊಂಡು ಪಕ್ಕಪಕ್ಕಕ್ಕೆ ನೆಗೆಯುತ್ತಾ ಗೋಡೆಗೆ, ಸೋಫಾಗೆ ಡಿಕ್ಕಿ ಹೊಡೆಯುತ್ತೆ. ಗಂಟಲಿನಿಂದ ಡುಕ್ ಡುಕ್ ಡುಕ್ ಅನ್ನೋ ಸದ್ದು. ಮೊದಲ ಸಲ ನೋಡಿದವರು ಫಿಟ್ಸ್ ಬಂತಾ ಅಂತ ಕೇಳ್ತಾರೆ. ನಿಮ್ಮ ಮಗಳು ಗೆಳತಿಯ ಮನೆಯಲ್ಲಿ ನೋಡಿದ್ದು ಇದನ್ನೇ ಇರಬೇಕು. ಅವಳು ಮನಸೋತದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ಊಟ. ಇದು ನಿಮ್ಮ ಮನೆಯ ಮಟ್ಟಿಗೆ ದೊಡ್ಡ ವಿಷಯ, ಬಿಡಿಸಿಯೇ ಹೇಳ್ತೀನಿ. ಫೆರೆಟ್ ಶುದ್ಧ ಮಾಂಸಾಹಾರಿ. ನಾಯಿಗೆ ಮೊಸರನ್ನ ಹಾಕಿ ಸಾಕಿದವರನ್ನ ನಮ್ಮೂರಲ್ಲಿ ನೋಡಿದ್ದೇವೆ, ಇದಕ್ಕೆ ಅದು ಸಾಧ್ಯವೇ ಇಲ್ಲ. ಕರುಳು ಬಹಳ ಗಿಡ್ಡ, ನಾರಿನಂಶ ಜೀರ್ಣ ಮಾಡೋ ಅಂಧಾಂತ್ರ ಅದರ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತೆ. ಹಾಗಾಗಿ ದಿನವಿಡೀ ಸ್ವಲ್ಪ ಸ್ವಲ್ಪ ತಿಂತಾ ಇರಬೇಕು, ತಿನ್ನೋದು ಮಾಂಸವೇ ಆಗಿರಬೇಕು. ನಾವು ಕೊಡೋದು ಒಣ ಆಹಾರ. ಚೀಲದ ಮೇಲಿನ ಪಟ್ಟಿಯಲ್ಲಿ ಮೊದಲ ಹೆಸರುಗಳೆಲ್ಲ ಕೋಳಿ, ಟರ್ಕಿ, ಹೀಗೇ ಇರಬೇಕು. ಪ್ರೋಟೀನ್ ಶೇ 35ಕ್ಕಿಂತ ಹೆಚ್ಚು, ಕೊಬ್ಬು ಶೇ 20ರ ಆಸುಪಾಸು. ಜೋಳ, ಬಟಾಣಿ ಮುಂದೆ ಇದ್ದರೆ ಆ ಚೀಲ ವಾಪಸ್ ಇಡಿ.

ಒಣ ಆಹಾರ ತಾನೇ, ಡಬ್ಬಿಯಲ್ಲಿ ಇಟ್ಟರಾಯ್ತು ಅಂತ ನಮಗೂ ಸಮಾಧಾನ ಇತ್ತು. ಆದರೆ ಫೆರೆಟ್‌ಗೆ ಒಂದು ಅಭ್ಯಾಸ ಇದೆ, ಸಿಕ್ಕ ಆಹಾರವನ್ನ ಹೊತ್ತುಕೊಂಡು ಹೋಗಿ ಬಚ್ಚಿಡುತ್ತೆ. ಸೋಫಾ ಹಿಂದೆ, ಶೂ ಒಳಗೆ, ಹಾಸಿಗೆಯ ಅಡಿಗೆ. ಮಜ್ಜಿಗೆ ಒಂದು ಸಲ ದೇವರ ಮಂಟಪದ ಕೆಳಗಿನ ಡ್ರಾಯರ್ ಹಿಂದೆ ಕೋಳಿಯ ಉಂಡೆಗಳನ್ನ ಪೇರಿಸಿಟ್ಟಿತ್ತು. ನಮ್ಮ ತಾಯಿ ಆಗ ಇಲ್ಲೇ ಇದ್ದರು. ಅವರು ಏನೂ ಅನ್ನಲಿಲ್ಲ, ಮಂಟಪವನ್ನ ಮಹಡಿಗೆ ಸಾಗಿಸಿದರು, ಅಲ್ಲಿಗೆ ಫೆರೆಟ್ ಹೋಗದ ಹಾಗೆ ಬಾಗಿಲು ಹಾಕಿದೆವು. ನಿಮ್ಮದು ಅಪಾರ್ಟ್‌ಮೆಂಟು. ಅತ್ತೆಯವರ ಮಡಿಗೆ ಪೂರ್ತಿ ಬೇರೆ ಒಂದು ಕೋಣೆ ಕೊಡೋಕಾಗುತ್ತಾ ನೋಡಿ. ಆಗೋದಿಲ್ಲ ಅಂದರೆ ಆರು ತಿಂಗಳು ಅವರಿಗೂ ಕಷ್ಟ, ನಿಮಗೂ ಕಷ್ಟ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು ಅತ್ತೆಯವರಿಗೇ ಹೇಳಬೇಕಾಗುತ್ತೆ. ನಮ್ಮ ಹಿರಿಯರಿಗೆ ಮನೆಯಲ್ಲಿರೋ ಜೀವಕ್ಕೆ ಏನಾದರೂ ತಿನ್ನಿಸದೆ ಇರೋಕಾಗೋದಿಲ್ಲ. ಬಾಳೆಹಣ್ಣು, ಹಾಲು, ದ್ರಾಕ್ಷಿ, ಪ್ರಸಾದದ ಸಕ್ಕರೆ. ಫೆರೆಟ್‌ಗೆ ಇವು ಯಾವುವೂ ಆಗೋದಿಲ್ಲ. ಅದು ಇಷ್ಟಪಟ್ಟು ತಿನ್ನುತ್ತೆ, ಅದೇ ತೊಂದರೆ.

ವಾಸನೆ ವಿಷಯಕ್ಕೆ ಬರೋಣ. ವಾಸನೆ ಇದ್ದೇ ಇರುತ್ತೆ. ಬಾಲದ ಬುಡದಲ್ಲಿ ಗ್ರಂಥಿಗಳಿವೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮರಿಗಳಿಗೆ ಅವನ್ನ ಮೊದಲೇ ತೆಗೆದಿರುತ್ತಾರೆ, ಆದರೆ ಮೈಯ ಚರ್ಮದಲ್ಲೇ ಎಣ್ಣೆ ಜಿನುಗುತ್ತೆ, ಆ ಕಸ್ತೂರಿಯಂಥ ವಾಸನೆ ಹೋಗೋದಿಲ್ಲ. ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಇನ್ನೂ ಹೆಚ್ಚು ಎಣ್ಣೆ ಬಿಡುತ್ತೆ, ವಾಸನೆ ಜಾಸ್ತಿಯೇ ಆಗುತ್ತೆ. ಹಾಸುವ ಬಟ್ಟೆ ವಾರಕ್ಕೊಮ್ಮೆಯಾದರೂ ಒಗೆಯೋದು, ಲಿಟರ್ (ಅದು ಮಲಮೂತ್ರ ಮಾಡುವ ತಟ್ಟೆಯ ಪುಡಿ) ದಿನಾ ತೆಗೆಯೋದು, ಇಷ್ಟೇ ದಾರಿ. ಬೆಕ್ಕಿನ ಹಾಗೆ ಮಲಕ್ಕೆ ಒಂದೇ ಕಡೆ ಹೋಗುತ್ತೆ ಅಂತಲೂ ಲೆಕ್ಕ ಹಾಕಬೇಡಿ. ಮೂಲೆ ಕಂಡರೆ ಹಿಂದಕ್ಕೆ ಸರಿದು ಕೂರುತ್ತೆ. ಮನೆಯಲ್ಲಿ ಎಷ್ಟು ಮೂಲೆ ಇದೆಯೋ ಅಷ್ಟೂ ಕಡೆ ಗಮನ ಇಡಬೇಕು.

ಕಚ್ಚೋದು: ಮರಿಯಾಗಿದ್ದಾಗ ಕಚ್ಚುತ್ತೆ, ಅದು ಅವುಗಳ ಆಟ. ತಮ್ಮತಮ್ಮಲ್ಲಿ ಆಡುವಾಗ ದಪ್ಪ ಚರ್ಮಕ್ಕೆ ನೋವಾಗೋದಿಲ್ಲ, ನಮ್ಮ ಕೈಗೆ ರಕ್ತ ಬರುತ್ತೆ. ತಾಳ್ಮೆಯಿಂದ ಕಲಿಸಿದರೆ ಬಿಡುತ್ತೆ. ಹತ್ತು ವರ್ಷದ ಹುಡುಗಿಗೆ ಕಲಿಸಬಹುದು. ತೊಟ್ಟಿಲ ಕೂಸು ಇರೋ ಮನೆಗೆ ಮಾತ್ರ ಬೇಡವೇ ಬೇಡ.

ಮನೆಯ ಬಗ್ಗೆ ಹೇಳಲೇಬೇಕು. ಎರಡು ಇಂಚಿನ ಸಂದಿಯಲ್ಲಿ ನುಸುಳುತ್ತೆ. ಒಗೆಯೋ ಮಷಿನ್ ಹಿಂದೆ, ಡಿಶ್‌ವಾಶರ್ ಕೆಳಗೆ, ಹಾಸಿಗೆಯ ಸ್ಪ್ರಿಂಗ್ ಒಳಗೆ. ಕಾಲು ಚಾಚೋ ರಿಕ್ಲೈನರ್ ಕುರ್ಚಿ ಇದ್ದರೆ ಮೊದಲು ಅದನ್ನ ಕೊಟ್ಟುಬಿಡಿ, ಅದರ ಒಳಗೆ ಸಿಕ್ಕಿ ಸಾಯುವ ಫೆರೆಟ್‌ಗಳು ಬಹಳ. ರಬ್ಬರ್ ಕಂಡರೆ ಬಿಡೋದಿಲ್ಲ. ಹವಾಯಿ ಚಪ್ಪಲಿ, ರಿಮೋಟ್ ಗುಂಡಿ, ಇಯರ್‌ಫೋನ್ ತುದಿ, ಕುಕ್ಕರ್ ಗ್ಯಾಸ್ಕೆಟ್. ರಾಗಿ ಮೂರು ವರ್ಷದವನಾಗಿದ್ದಾಗ ಎರಡು ದಿನ ಊಟ ಬಿಟ್ಟ, ಹಲ್ಲು ಕಡಿಯುತ್ತಾ ಕೂತಿದ್ದ. ಎಕ್ಸ್‌ರೇ ಮಾಡಿದರು, ಕರುಳಲ್ಲಿ ಏನೋ ಕೂತಿತ್ತು. ಹೊಟ್ಟೆ ಕೊಯ್ದು ತೆಗೆದಾಗ ಹವಾಯಿ ಚಪ್ಪಲಿಯ ಪಟ್ಟಿಯ ಚೂರು. ಬಿಲ್ಲು ಎರಡು ಸಾವಿರ ಡಾಲರ್ ದಾಟಿತ್ತು. ಪ್ರಾಣಿಯ ಬೆಲೆ ಅಂಗಡಿಯಲ್ಲಿ ಇನ್ನೂರೋ ಮುನ್ನೂರೋ ಇರಬಹುದು, ಅದನ್ನ ನೋಡಿ ಖರ್ಚು ಅಂದಾಜು ಮಾಡಬೇಡಿ.

ಈಗ ನಾನು ಹೇಳಲೇಬೇಕು ಅಂತ ಕೂತ ವಿಷಯ. ಫೆರೆಟ್‌ನ ಆಯಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಅದರಲ್ಲಿ ಮೂರು ನಾಲ್ಕು ವರ್ಷ ದಾಟಿದ ಮೇಲೆ ಕಾಯಿಲೆ ಶುರುವಾಗೋದು ತೀರಾ ಸಾಮಾನ್ಯ. ಎರಡು ಕಾಯಿಲೆಯ ಹೆಸರು ಬರೆದಿಟ್ಟುಕೊಳ್ಳಿ. ಒಂದು ಮೂತ್ರಪಿಂಡದ ಪಕ್ಕ ಇರುವ ಅಡ್ರಿನಲ್ ಗ್ರಂಥಿಯದ್ದು. ಬಾಲದಿಂದ ಶುರುವಾಗಿ ಮೈಕೂದಲು ಉದುರುತ್ತಾ ಬರುತ್ತೆ, ಗಂಡಿಗೆ ಮೂತ್ರ ಕಟ್ಟಿ ಜೀವಕ್ಕೇ ಅಪಾಯ ಆಗಬಹುದು. ಇಲ್ಲಿ ಅಂಗಡಿಗೆ ಬರುವ ಮರಿಗಳಿಗೆ ತೀರ ಎಳೆಯ ವಯಸ್ಸಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಬಿಡುತ್ತಾರೆ. ಕಿವಿಯಲ್ಲಿ ಎರಡು ಹಚ್ಚೆಯ ಚುಕ್ಕೆ ಕಂಡರೆ, ಆ ಶಸ್ತ್ರಚಿಕಿತ್ಸೆ ಒಂದು, ಬಾಲದ ಬುಡದ ವಾಸನೆಯ ಗ್ರಂಥಿ ತೆಗೆದದ್ದು ಇನ್ನೊಂದು ಅಂತ ಗುರುತು. ಹಾಗೆ ಬೇಗ ಮಾಡೋದಕ್ಕೂ ಅಡ್ರಿನಲ್ ಕಾಯಿಲೆಗೂ ಸಂಬಂಧ ಇದೆ ಅಂತಲೇ ವೈದ್ಯರು ಹೇಳೋದು. ಡೆಸ್ಲೊರೆಲಿನ್ ಅನ್ನೋ ಔಷಧಿಯ ಸಣ್ಣ ಇಂಪ್ಲಾಂಟನ್ನ ಚರ್ಮದ ಕೆಳಗೆ ಇಡುತ್ತಾರೆ, ಅಮೆರಿಕದಲ್ಲಿ 2012ರಿಂದ ಇದು ಫೆರೆಟ್‌ಗೆ ಸಿಗುತ್ತಿದೆ. ಗುಣ ಮಾಡೋದಿಲ್ಲ, ಲಕ್ಷಣ ತಡೆಯುತ್ತೆ. ಅದರ ಪ್ರಭಾವ ಇಳಿದ ಮೇಲೆ ಮತ್ತೆ ಹಾಕಿಸಬೇಕು.

ಇನ್ನೊಂದು ಇನ್ಸುಲಿನೋಮಾ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಇನ್ಸುಲಿನ್ ಅತಿಯಾಗಿ ಬರುತ್ತೆ, ರಕ್ತದ ಸಕ್ಕರೆ ಬಿದ್ದುಹೋಗುತ್ತೆ. ರಾಗಿಗೆ ಐದನೇ ವರ್ಷದಲ್ಲಿ ಬಂತು. ಹಿಂಗಾಲು ಎಳೆಯುತ್ತಾ ನಡೆಯೋನು, ಇದ್ದಕ್ಕಿದ್ದ ಹಾಗೆ ನಿಂತು ಗೋಡೆ ನೋಡೋನು, ಬಾಯಿಯಿಂದ ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳೋನು. ಅಂಥ ಹೊತ್ತಲ್ಲಿ ವಸಡಿಗೆ ಸ್ವಲ್ಪ ಜೇನುತುಪ್ಪ ಸವರಿ, ಎಚ್ಚರ ಆದ ಕೂಡಲೇ ಮಾಂಸದ ಆಹಾರ ತಿನ್ನಿಸಿ, ವೆಟ್ ಹತ್ತಿರ ಓಡಬೇಕು. ಆಮೇಲೆ ದಿನಕ್ಕೆ ಎರಡು ಹೊತ್ತು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಔಷಧಿ. ರಾತ್ರಿ ಎದ್ದು ಊಟ ಮಾಡಿಸೋದು. ಒಂದೂವರೆ ವರ್ಷ ಹಾಗೆ ನಡೆಯಿತು. ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ, ಅವನಿಗಾಗಿ ಇನ್ನೂ ಮಾಡ್ತಿದ್ದೆ.

ನಿಮ್ಮ ಮಗಳಿಗೆ ಈಗ ಹತ್ತು. ಮರಿ ತಂದರೆ ಅದಕ್ಕೆ ಕಾಯಿಲೆ ಬರುವ ವಯಸ್ಸಿಗೆ ಇವಳಿಗೆ ಹದಿನಾಲ್ಕು ಹದಿನೈದು, ಹೈಸ್ಕೂಲು. ಅದರ ಕೊನೆಯ ವರ್ಷಕ್ಕೆ ಇವಳು ಕಾಲೇಜಿಗೆ ಅರ್ಜಿ ಹಾಕುತ್ತಿರುತ್ತಾಳೆ. ಆಗ ಔಷಧಿ ಹಾಕುವ ಕೈ ನಿಮ್ಮದೇ. ಹಾಗಾಗಿ ಮಗಳಿಗೆ ಬೇಕಾ ಅಂತ ಕೇಳಬೇಡಿ, ನಿಮಗೆ ಬೇಕಾ ಅಂತ ಕೇಳಿಕೊಳ್ಳಿ. ನಿಮಗೂ ಬೇಕು ಅನ್ನಿಸಿದರೆ ಮಾತ್ರ ಮುಂದಿನ ಹೆಜ್ಜೆ.

ಬೆಳಗಾವಿಯಾಂವ (ಯಾರ್ಕ್‌ಷೈರ್)

ನಮಸ್ಕಾರ್ರೀ ಎಲ್ಲಾರಿಗೂ. ನಾ ಇಂಗ್ಲೆಂಡಿನ್ಯಾಗ ಇರಾಂವ. ಫೆರೆಟ್ ನಾ ಸಾಕಿಲ್ಲ, ಆದ್ರ ನಮ್ಮ ಬಾಜೂ ಮನಿ ಮುದುಕ ಆರು ಸಾಕ್ಯಾನ, ಅವು ಅಂದ್ರ ಅವನಿಗೆ ಜೀವ. ಇಲ್ಲಿ ಇದು ಮನಿ ಒಳಗಿನ ಗೊಂಬಿ ಅಲ್ರೀ, ಮೊದಲಿಂದ ದುಡಿಯೋ ಪ್ರಾಣಿ. ಮೊಲದ ಬಿಲಕ್ಕ ಬಾಯಿಗೆಲ್ಲಾ ಬಲಿ ಹಾಕಿ, ಒಳಗ ಫೆರೆಟ್ ಬಿಡ್ತಾರ. ಮೊಲ ಹೆದರಿ ಹೊರಗ ಜಿಗದು ಬಲಿಯಾಗ ಬೀಳತೈತಿ. ರೈತರ ಬೆಳಿ ಉಳಿಸಾಕ ಈಗೂ ಇದನ್ನ ಮಾಡ್ತಾರ. ಅದಕ್ಕ ಆಸ್ಟಿನ್ ಅಣ್ಣಾರ ಮೊಲ ಮತ್ತ ಫೆರೆಟ್ ಎರಡೂ ಒಂದ ಮನಿಯಾಗ ಇಡೂ ಮಾತ ಬ್ಯಾಡ.

ಎರಡು ಮಾತು ಹೇಳ್ತೀನಿ, ಆ ಮುದುಕನಿಂದ ಕಲತದ್ದು. ಒಂದನೇದು ಹೆಣ್ಣು ಫೆರೆಟ್. ಇಲ್ಲಿ ಎಳಿ ಮರಿಗೆ ಆಪರೇಷನ್ ಮಾಡೂದಿಲ್ಲ, ದೊಡ್ಡದಾದ ಮ್ಯಾಲ ನೀವ ನೋಡ್ಕೋಬೇಕು. ಹೆಣ್ಣು ವಸಂತದಾಗ ಬೆದಿಗೆ ಬರತೈತಿ, ಗಂಡಿನ ಜೋಡಿ ಕೂಡದ ಹೊರತು ಬೆದಿ ಇಳಿಯೂದಿಲ್ಲ. ತಿಂಗಳಾನುಗಟ್ಟಲೆ ಹಂಗ ಇದ್ರ ಈಸ್ಟ್ರೊಜನ್ ಏರಿ ಎಲುಬಿನ ಮಜ್ಜಿ ರಕ್ತ ಮಾಡೂದನ್ನ ನಿಲ್ಲಿಸತೈತಿ, ಪ್ರಾಣಾನ ಹೋಗತೈತಿ. ಅದಕ್ಕ ಇಂಪ್ಲಾಂಟರ, ಇಂಜೆಕ್ಷನ್ನರ ವೆಟ್ ಕಡೆ ಹಾಕಿಸಲೇಬೇಕು. ಆಪರೇಷನ್ ಆಗದ ಹೆಣ್ಣು ಯಾರರ ಪುಕ್ಕಟ ಕೊಡ್ತೀನಿ ಅಂದ್ರ ಇದನ್ನ ನೆನಪಿಡ್ರಿ.

ಎರಡನೇದು ಬಿಸಿಲು. 2022ರ ಜುಲೈದಾಗ ಇಲ್ಲಿ ಲಿಂಕನ್‌ಷೈರ್‌ನ ಕಾನಿಂಗ್ಸ್‌ಬಿ ಒಳಗ 40.3 ಡಿಗ್ರಿ ಆಗಿತ್ತು, ಈ ದೇಶದಾಗ ಅಷ್ಟು ಎಂದೂ ಆಗಿದ್ದಿಲ್ಲ. ಫೆರೆಟ್‌ಗೆ ಬೆವರು ಬರೂದಿಲ್ರೀ, 30 ಡಿಗ್ರಿ ಸಮೀಪ ಬಂತಂದ್ರ ಅದರ ಜೀವಕ್ಕ ಕುತ್ತು. ಆ ಎರಡು ದಿನ ಮುದುಕ ಗೂಡು ಬಿಟ್ಟು ಆರನ್ನೂ ಅಡಗಿಮನಿ ಹಾಸಗಲ್ಲಿನ ಮ್ಯಾಲ ತಂದು, ಬಾಟಲಿ ನೀರು ಹೆಪ್ಪುಗಟ್ಟಿಸಿ ಅರಿವಿ ಸುತ್ತಿ ಅವುಗಳ ನಡುವ ಇಟ್ಟು, ರಾತ್ರಿಯೆಲ್ಲಾ ಕುಂತಿದ್ದ. ಶಾರ್ಲೆಟ್ ಒಳಗ ಬ್ಯಾಸಗಿ ಜೋರ ಇರತೈತಿ ಅಂತ ಕೇಳೀನಿ. ಎಸಿ ಕೆಟ್ಟರ ಏನು ಮಾಡ್ತೀರಿ ಅನ್ನೂದನ್ನೂ ವಿಚಾರ ಮಾಡ್ರಿ ಅಕ್ಕಾರ.

ಸನ್ನಿವೇಲ್ ಸುಬ್ಬು

ಒಂದೇ ವಿಷಯ, ಆದರೆ ನಿಮಗೆ ತಕ್ಷಣ ಬೇಕಾದದ್ದು. ಸ್ಯಾನ್ ಹೋಸೆಗೆ ಬರುವ ಸಾಧ್ಯತೆ ಇದ್ದರೆ ಫೆರೆಟ್ ತರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕೋದು ಕಾನೂನುಬಾಹಿರ. ಹವಾಯಿಯಲ್ಲೂ ಹಾಗೇ. ನ್ಯೂಯಾರ್ಕ್ ರಾಜ್ಯದಲ್ಲಿ ಇಟ್ಟುಕೊಳ್ಳಬಹುದು, ನ್ಯೂಯಾರ್ಕ್ ನಗರದೊಳಗೆ ನಿಷೇಧ. ನ್ಯೂಜೆರ್ಸಿಯಲ್ಲಿ ಪರ್ಮಿಟ್ ಬೇಕು. ಕ್ಯಾಲಿಫೋರ್ನಿಯಾ ಸರ್ಕಾರದ ಭಯ ಏನಂದರೆ, ತಪ್ಪಿಸಿಕೊಂಡ ಫೆರೆಟ್‌ಗಳು ಕಾಡಿನಲ್ಲಿ ನೆಲೆಯಾದರೆ ನೆಲದಲ್ಲಿ ಗೂಡು ಕಟ್ಟೋ ಹಕ್ಕಿಗಳಿಗೆ ಉಳಿಗಾಲ ಇಲ್ಲ ಅಂತ. ನ್ಯೂಜಿಲೆಂಡಿನಲ್ಲಿ ಹಾಗೆ ಆಗಿದೆ. 19ನೇ ಶತಮಾನದ ಕೊನೆಯಲ್ಲಿ ಮೊಲದ ಹಾವಳಿ ತಡೆಯೋಕೆ ಅಂತ ತಂದು ಬಿಟ್ಟರು, ಅವು ಕಿವಿ ಅನ್ನೋ ಹಾರಲಾರದ ಹಕ್ಕಿಗಳನ್ನ ಕೊಲ್ಲೋಕೆ ಶುರು ಮಾಡಿದವು. 2002ರಿಂದ ಅಲ್ಲಿ ಫೆರೆಟ್ ಮಾರೋದು, ಮರಿ ಮಾಡಿಸೋದು ನಿಷೇಧ. ಕ್ಯಾಲಿಫೋರ್ನಿಯಾದ ನಿಷೇಧ ಸರಿಯಲ್ಲ ಅಂತ ಹೋರಾಡುವವರು ಬಹಳ ವರ್ಷದಿಂದ ಇದ್ದಾರೆ, ನನಗೂ ಅವರ ವಾದದಲ್ಲಿ ಹುರುಳಿದೆ ಅನ್ನಿಸುತ್ತೆ. ಆದರೆ ಕಾನೂನು ಇವತ್ತಿಗೆ ಹೀಗಿದೆ.

ನಮ್ಮ ಆಫೀಸಿನ ಒಬ್ಬರು ಟೆಕ್ಸಸ್‌ನಿಂದ ಬರುವಾಗ ತಮ್ಮ ಫೆರೆಟನ್ನ ಅಲ್ಲಿಯ ಸ್ನೇಹಿತರಿಗೆ ಕೊಟ್ಟು ಬಂದರು. ಅವರ ಮಗ ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ವೀಸಾದ ಮೇಲೆ ಇರುವವರ ಬದುಕು ಎಲ್ಲಿಂದ ಎಲ್ಲಿಗೋ ಹೋಗುತ್ತೆ, ನಮ್ಮ ಕೈಯಲ್ಲಿರೋದಿಲ್ಲ. ಆ ತೀರ್ಮಾನ ಗಟ್ಟಿಯಾಗುವವರೆಗೆ ಕಾಯಿರಿ.

ಜಯನಗರ 4ನೇ ಬ್ಲಾಕ್

ಬೆಂಗಳೂರಿನಲ್ಲೂ ಮಾರುವವರು ಇದ್ದಾರೆ ಅಂತ ಇನ್‌ಸ್ಟಾದಲ್ಲಿ ನೋಡಿದೆ. ಇಲ್ಲಿ ಹವೆ ತಂಪಲ್ವಾ, ಸಾಕಬಹುದಾ? ಮುಂಗುಸಿಯ ಹಾಗೇ ಕಾಣುತ್ತೆ, ಅದನ್ನೇ ಸಾಕಿದರಾಗದೇ?

ಪದ್ಮ, ಪಿಟ್ಸ್‌ಬರ್ಗ್

ಜಯನಗರದವರೇ, ಮುಂಗುಸಿ ಸಾಕಬೇಡಿ. ಅದು ನಮ್ಮ ಕಾಡುಪ್ರಾಣಿ, ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಇಟ್ಟುಕೊಳ್ಳೋದು ಅಪರಾಧ. ನೋಡೋಕೆ ಹೋಲಿದರೂ ಫೆರೆಟ್‌ಗೂ ಅದಕ್ಕೂ ಹತ್ತಿರದ ನಂಟಿಲ್ಲ, ಫೆರೆಟ್ ನಮ್ಮ ಕಾವೇರಿಯ ನೀರುನಾಯಿಯ ಕುಟುಂಬದ್ದು. ಯುರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿಯನ್ನ ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ ಮಾಡಿದ ಸಾಕುಪ್ರಾಣಿ ಇದು, ಬೆಕ್ಕು ನಾಯಿಯಷ್ಟೇ ಪಳಗಿದ್ದು.

ಬೆಂಗಳೂರಲ್ಲಿ ಫೆರೆಟ್ ಬೇಡ ಅಂತಲೇ ನನ್ನ ಅಭಿಪ್ರಾಯ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತೆ, ಕರೆಂಟು ಹೋದರೆ ಫ್ಯಾನಿನ ಗಾಳಿಯೂ ಇಲ್ಲ. ಇನ್ನೊಂದು, ನಾಯಿಗಳ ಡಿಸ್ಟೆಂಪರ್ ರೋಗ ಫೆರೆಟ್‌ಗೆ ತಗುಲಿದರೆ ಬದುಕೋದೇ ಇಲ್ಲ ಅನ್ನಬೇಕು. ನಮ್ಮ ಬೀದಿಗಳಲ್ಲಿ ಲಸಿಕೆ ಆಗದ ನಾಯಿ ಎಷ್ಟಿವೆ. ವೈರಾಣು ನಮ್ಮ ಚಪ್ಪಲಿ, ಬಟ್ಟೆಗೆ ಅಂಟಿಕೊಂಡೂ ಮನೆಯೊಳಗೆ ಬರುತ್ತೆ. ಫೆರೆಟ್‌ಗೆ ತಕ್ಕ ಲಸಿಕೆ, ಇಂಪ್ಲಾಂಟ್, ಅದರ ಹೊಟ್ಟೆ ಕೊಯ್ದು ಅಭ್ಯಾಸ ಇರುವ ಡಾಕ್ಟರು, ಇವು ಹತ್ತಿರದಲ್ಲಿ ಇಲ್ಲದ ಕಡೆ ಅದನ್ನ ತರೋದು ಅದಕ್ಕೆ ಅನ್ಯಾಯ.

ಶರಾವತಿ ತೀರ (ಶಾರ್ಲೆಟ್, ನಾರ್ತ್ ಕ್ಯಾರೊಲಿನಾ)

ಎಲ್ಲರಿಗೂ ತುಂಬ ಧನ್ಯವಾದ. ಪದ್ಮಕ್ಕ, ನೀವು ಬರೆದದ್ದನ್ನ ಮಗಳಿಗೆ ಇಡೀ ಓದಿ ಹೇಳಿದೆ, ಅವಳಿಗೆ ಕನ್ನಡ ಅರ್ಥವಾಗುತ್ತೆ. ರಾಗಿಯ ಕಾಯಿಲೆಯ ಭಾಗ ಬಂದಾಗ ಸುಮ್ಮನಾದಳು. ಆಮೇಲೆ "ಅವನಿಗೆ ನೋವಾಗ್ತಿತ್ತಾ" ಅಂತ ಕೇಳಿದಳು. ನಿಮ್ಮನ್ನೇ ಕೇಳ್ತೀನಿ ಅಂದೆ.

ಕ್ಯಾಲಿಫೋರ್ನಿಯಾದ ಕಾನೂನು ನಮಗೆ ಗೊತ್ತೇ ಇರಲಿಲ್ಲ. ಯಜಮಾನರ ವಿಷಯ ಡಿಸೆಂಬರ್ ಒಳಗೆ ತೀರ್ಮಾನ ಆಗುತ್ತೆ, ಅಲ್ಲಿಯವರೆಗೆ ಯಾವ ಪ್ರಾಣಿಯನ್ನೂ ತರೋದಿಲ್ಲ ಅಂತ ಮೂವರೂ ಒಪ್ಪಿದೆವು. ಇಲ್ಲೇ ಉಳಿದರೆ ಮತ್ತೆ ಯೋಚನೆ. ಅತ್ತೆಯವರಿಗೆ ಫೋನಿನಲ್ಲಿ ಹೇಳಿದೆ. "ಮಾಂಸ ಅದರ ಧರ್ಮ, ಅದಕ್ಕೇನು, ನನ್ನ ಅಡುಗೆಮನೆಗೆ ಬರದಿದ್ದರಾಯ್ತು" ಅಂದರು, ನಾನು ಇದನ್ನ ನಿರೀಕ್ಷಿಸಿರಲಿಲ್ಲ. ಅವರ ಕೋಣೆ ಬೇರೆ ಇದೆ, ಅಡುಗೆಮನೆಗೆ ಮಾತ್ರ ಬಾಗಿಲಿಲ್ಲ.

ಇನ್ನೂ ಮೂರು ಕೇಳೋದಿದೆ. ಒಂದೇ ತಂದರೆ ಸಾಕಾ, ಎರಡು ಬೇಕಾ? ಊರಿಗೆ ಹೋದಾಗ ಯಾರ ಹತ್ತಿರ ಬಿಡೋದು? ಮರಿಯ ಬದಲು ಶೆಲ್ಟರ್‌ನಿಂದ ದೊಡ್ಡದನ್ನ ತರಬಹುದಾ?

ಪದ್ಮ, ಪಿಟ್ಸ್‌ಬರ್ಗ್

ಮೊದಲು ಮಗಳಿಗೆ. ಸಕ್ಕರೆ ಬಿದ್ದಾಗ ಅವನಿಗೆ ತಲೆ ಸುತ್ತೋದು, ವಾಕರಿಕೆ ಆಗೋದು ಇತ್ತು ಅಂತ ವೆಟ್ ಹೇಳಿದ್ದರು. ಔಷಧಿ ಹಿಡಿದ ದಿನಗಳಲ್ಲಿ ಚೆನ್ನಾಗಿಯೇ ಇದ್ದ, ಸಾಕ್ಸ್ ಕದ್ದು ಓಡುತ್ತಿದ್ದ. ಔಷಧಿ ಹಿಡಿಯದೆ ಹೋದಾಗ ನಾವು ಅವನನ್ನ ಎಳೆದಾಡಲಿಲ್ಲ, ವೆಟ್ ಹತ್ತಿರ ಕರೆದುಕೊಂಡು ಹೋಗಿ ನನ್ನ ತೊಡೆಯ ಮೇಲೆಯೇ ಕಳಿಸಿಕೊಟ್ಟೆವು. ಹತ್ತು ವರ್ಷದ ಮಗುವಿಗೆ ಇದನ್ನ ಹೇಳಬಹುದು ಅಂತ ನಂಬಿ ಬರೆದಿದ್ದೇನೆ, ಬೇಡ ಅನ್ನಿಸಿದರೆ ನೀವೇ ನೋಡಿ ಹೇಳಿ.

ಒಂದಾ ಎರಡಾ ಅನ್ನೋದಕ್ಕೆ: ನೀವಿಬ್ಬರೂ ಹೊರಗೆ ದುಡಿಯುವವರು, ಮಗಳು ಶಾಲೆಗೆ ಹೋಗುವವಳು. ಎರಡು ಇದ್ದರೆ ಒಂದಕ್ಕೊಂದು ಜೊತೆ, ಒಂದೇ ಹಾಸಿಗೆಯಲ್ಲಿ ಸುತ್ತಿಕೊಂಡು ಮಲಗುತ್ತವೆ. ಆದರೆ ಮೇಲೆ ಬರೆದ ಎಲ್ಲ ಖರ್ಚೂ ಎರಡು ಪಟ್ಟು. ರಾಗಿ ಹೋದ ಮೇಲೆ ಮಜ್ಜಿಗೆ ಮೂರು ವಾರ ಸರಿಯಾಗಿ ತಿನ್ನಲಿಲ್ಲ, ನಾವು ಅದರ ಪಕ್ಕ ಹೆಚ್ಚು ಹೊತ್ತು ಕೂತು ಸರಿಮಾಡಿಕೊಂಡೆವು. ಜೊತೆ ತಂದರೆ ಒಂದು ದಿನ ಒಂಟಿಯಾಗುವ ಇನ್ನೊಂದರ ಬಗ್ಗೆಯೂ ಯೋಚಿಸಿರಬೇಕು.

ಊರಿಗೆ ಹೋಗೋದು ಕಷ್ಟದ ಪ್ರಶ್ನೆ, ಇದಕ್ಕೆ ಮೊದಲೇ ಉತ್ತರ ಸಿಗದಿದ್ದರೆ ತರಬೇಡಿ. ನಾಯಿ ಬಿಡುವ ಬೋರ್ಡಿಂಗ್‌ಗಳಲ್ಲಿ ಬಹಳಷ್ಟು ಕಡೆ ಫೆರೆಟ್ ತಗೊಳ್ಳೋದಿಲ್ಲ. ನಮ್ಮ ವೆಟ್ ಕ್ಲಿನಿಕ್‌ನಲ್ಲೇ ಇಟ್ಟುಕೊಳ್ಳುತ್ತಾರೆ, ತಿಂಗಳಿಗೆ ಬರೋ ಬಿಲ್ಲು ಒಬ್ಬರ ವಿಮಾನದ ಟಿಕೆಟ್ ಹತ್ತಿರ ಹೋಗುತ್ತೆ. ಊರಿಗೆ ಜೊತೆಗೆ ಕರೆದುಕೊಂಡು ಹೋಗೋಣ ಅಂದುಕೊಂಡರೆ, ಪ್ರಯಾಣಿಕರ ಜೊತೆ ಭಾರತಕ್ಕೆ ಬಿಡುವ ಸಾಕುಪ್ರಾಣಿ ಅಂದರೆ ನಾಯಿ, ಬೆಕ್ಕು. ಅದೂ ಅಲ್ಲದೆ ಅಷ್ಟು ದೂರದ ಪ್ರಯಾಣ ಇದರ ಮೈಗೆ ಒಗ್ಗೋದಿಲ್ಲ. ಮಗಳ ಗೆಳತಿಯ ಮನೆಯವರ ಹತ್ತಿರ ಮಾತಾಡಿ. ಅವರು ಹೋದಾಗ ನೀವು, ನೀವು ಹೋದಾಗ ಅವರು ನೋಡಿಕೊಳ್ಳುವ ಹಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡೂ ಮನೆಯ ಫೆರೆಟ್‌ಗಳಿಗೆ ಲಸಿಕೆ ಆಗಿರಬೇಕು. ಆಮೇಲೆ ಮನೆಯಲ್ಲಿ ಯಾರಿಗಾದರೂ ಫ್ಲೂ ಬಂದರೆ ಅವರು ಮುಟ್ಟಬಾರದು, ನಮ್ಮ ಫ್ಲೂ ಅದಕ್ಕೆ ಹಾಗೇ ಅಂಟುತ್ತೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಾಣುವನ್ನ ಪತ್ತೆ ಮಾಡಿದ್ದೇ ಫೆರೆಟ್‌ಗಳ ಸಹಾಯದಿಂದ. ಕಾಯಿಲೆಯ ಫೆರೆಟ್ ಒಂದು ಮುಖದ ಮೇಲೆ ಸೀನಿ ಅವರಲ್ಲಿ ಒಬ್ಬರಾದ ವಿಲ್ಸನ್ ಸ್ಮಿತ್ ಅವರಿಗೂ ಫ್ಲೂ ಬಂತು. ಅಂದರೆ ಅದರಿಂದ ನಮಗೂ ಬರುತ್ತೆ.

ಶೆಲ್ಟರ್ ಯೋಚನೆ ನನಗೆ ತುಂಬ ಹಿಡಿಸಿತು. ಎರಡು ಮೂರು ವರ್ಷದ ಫೆರೆಟ್‌ಗಳನ್ನ ಜನ ಬಿಟ್ಟು ಹೋಗಿರುತ್ತಾರೆ, ಹೆಚ್ಚಿನ ಸಲ ಪ್ರಾಣಿಯ ತಪ್ಪು ಏನೂ ಇರೋದಿಲ್ಲ, ವಾಸನೆ, ಖರ್ಚು, ಮನೆ ಬದಲಾವಣೆ ಇವೇ ಕಾರಣ. ಅಂಥವು ಕಚ್ಚೋ ವಯಸ್ಸು ದಾಟಿರುತ್ತವೆ, ಸ್ವಭಾವ ಹೇಗೆ ಅಂತ ಅಲ್ಲಿಯವರಿಗೆ ಗೊತ್ತಿರುತ್ತೆ. ಮಜ್ಜಿಗೆ ಹಾಗೆ ಬಂದವಳೇ. ಡಿಸೆಂಬರ್‌ವರೆಗೆ ಸಮಯ ಇದೆಯಲ್ಲ, ಹತ್ತಿರದ ಫೆರೆಟ್ ಶೆಲ್ಟರ್‌ನಲ್ಲಿ ವಾರಕ್ಕೊಮ್ಮೆ ಪಂಜರ ತೊಳೆಯೋಕೆ ಬರ್ತೀವಿ ಅಂತ ಕೇಳಿ, ಮಗಳನ್ನೂ ಕರೆದುಕೊಂಡು ಹೋಗಿ. ಆ ವಾಸನೆ ನಿಮಗೆ ಆಗುತ್ತಾ, ಅವಳಿಗೆ ಲಿಟರ್ ತೆಗೆಯೋ ಉತ್ಸಾಹ ನಾಲ್ಕನೇ ವಾರವೂ ಉಳಿದಿದೆಯಾ, ಅಲ್ಲೇ ಗೊತ್ತಾಗುತ್ತೆ.

ಹೋದಾಗ ಅಲ್ಲಿಯವರನ್ನ ಒಂದು ವಿಷಯ ತಪ್ಪದೆ ಕೇಳಿ: ಶಾರ್ಲೆಟ್‌ನಲ್ಲಿ ರಾತ್ರಿ ಹೊತ್ತು ಫೆರೆಟ್ ನೋಡುವ ವೆಟ್ ಯಾರು, ಎಷ್ಟು ದೂರ. ಅಡುಗೆಮನೆಗೆ ಬಾಗಿಲಿಲ್ಲ ಅಂದಿರಲ್ಲ, ಅದಕ್ಕೆ ನಯವಾದ ಅಕ್ರಿಲಿಕ್ ಹಲಗೆಯನ್ನ ಸೊಂಟದೆತ್ತರಕ್ಕೆ ಅಡ್ಡ ಇಟ್ಟರೆ ಹತ್ತೋಕಾಗೋದಿಲ್ಲ. ಮಕ್ಕಳಿಗೆ ಹಾಕುವ ಸರಳಿನ ಗೇಟ್ ಉಪಯೋಗ ಇಲ್ಲ, ಸರಳಿನ ನಡುವೆಯೇ ನುಗ್ಗಿಬಿಡುತ್ತೆ.